ಕೊನೆಯ ಬೆಂಚಿನ ಭಾನುವಾರ

ಚರ್ಚಿನ ಸಭೆಯ ಹಿರಿಯರನ್ನು ಒಂದು ಭಾನುವಾರ ಕೊನೆಯ ಬೆಂಚಿನಲ್ಲಿ ಕೂರಿಸಬೇಕು ಎಂಬ ಮಾತನ್ನು ನನಗೆ ಮೊದಲು ಹೇಳಿದವರು ರಾಜೀವನಗರದ ನಮ್ಮ ಭಾವ. ನಾನು ನಕ್ಕಿದ್ದೆ. ಆಮೇಲೆ ಹೂಟಗಳ್ಳಿಯ ನಮ್ಮ ಚರ್ಚಿನಲ್ಲೇ ಆ ದಿನ ಬಂತು.

ಚರ್ಚನ್ನು ಇನ್ನೂ ದೊಡ್ಡದಾಗಿ ಕಟ್ಟಬೇಕೆಂದು ಹಿರಿಯರ ಕಮಿಟಿಯಲ್ಲಿ ಹಟ ಹಿಡಿದವನು ನಾನೇ. "ತೀರ್ಮಾನ ಆಮೇಲೆ ಮಾಡೋಣ. ಈ ವಾರ ನೀವೆಲ್ಲ ಹಿಂದೆ ಕೂತು ಪ್ರಾರ್ಥನೆ ಮಾಡಿ," ಎಂದರು ಪಾಸ್ಟರ್.

ಕೂತೆ. ಪಾಸ್ಟರ್ ಪ್ರಸಂಗ ಶುರು ಮಾಡಿದರು. ಫ್ಯಾನಿನ ಸದ್ದಿನಲ್ಲಿ ಒಂದು ಮಾತೂ ಕಿವಿಗೆ ಬೀಳಲಿಲ್ಲ. ಆಚೆ ಬೆಂಚಿನಲ್ಲಿದ್ದ, ಹೊಸ ಬಡಾವಣೆಯ ಹೆಂಗಸನ್ನು ಮೆಲ್ಲಗೆ ಕೇಳಿದೆ: "ಏನು ಹೇಳ್ತಿದ್ದಾರಮ್ಮ?"

"ಗೊತ್ತಿಲ್ಲ ಕಣಣ್ಣ. ಮುಂದಿನೋರು ಎದ್ರೆ ಏಳ್ತೀವಿ, ಕೂತ್ರೆ ಕೂತ್ಕೋತೀವಿ. ನೀವೂ ಅಂಗೇ ಮಾಡಿ, ಅಭ್ಯಾಸ ಆಗ್ಬುಡ್ತದೆ. ಇನ್ನೂ ದೊಡ್ಡದಾಗಿ ಕಟ್ತಾರಂತೆ. ಆಮೇಲೆ ಪಾಸ್ಟರ್ ಮುಖಾನೂ ಕಾಣಾಕಿಲ್ಲ."

ಮುಂದಿನ ಕಮಿಟಿಯಲ್ಲಿ ನಾನು ಕಟ್ಟಡದ ಮಾತೆತ್ತಲಿಲ್ಲ. ಬಡಾವಣೆಯ ಮನೆಗಳಲ್ಲಿ ವಾರಕ್ಕೊಂದು ಪ್ರಾರ್ಥನಾ ಕೂಟ ನಡೆಸೋಣ ಎಂದೆ. ಮೊದಲ ಕೂಟ ಆ ಅಮ್ಮನ ಮನೆಯಲ್ಲೇ ಆಯಿತು. ನನಗೆ ಜಾಗ ಸಿಕ್ಕಿದ್ದು ಬಾಗಿಲ ಹೊರಗೆ, ಚಪ್ಪಲಿಗಳ ಪಕ್ಕ. ಅಲ್ಲಿಗೂ ಎಲ್ಲ ಕೇಳಿಸಿತು.

ನಿಮ್ಮ ಸಭೆಯಲ್ಲೂ ಕಟ್ಟಡದ ಮಾತು ಎದ್ದರೆ ಇದನ್ನು ಅಲ್ಲಿನ ಹಿರಿಯರಿಗೆ ಹೇಳಿ. ಕೊನೆಯ ಬೆಂಚಿಗೂ ಕೇಳಿಸುವಂತೆ ಹೇಳಿ.