ಹನ್ನೊಂದು ಮನೆಯ ಐಸು

ನಿಲಂಗಾದ ನಮ್ಮ ಗಲ್ಲಿಯಲ್ಲಿ ಉಮಾಕಾಂತನಷ್ಟು ಕಡಿಮೆ ಮಾತಾಡುವ ಗಂಡಸಿಲ್ಲ, ನನ್ನಷ್ಟು ಹೆಚ್ಚು ಮಾತಾಡುವ ಹೆಂಗಸಿಲ್ಲ. ಇದು ನನ್ನ ಮಾತಲ್ಲ, ನನ್ನ ಅತ್ತೆ ಶಿವಕಾಂತಮ್ಮನದು. "ಜಯಮಾಲಾ, ನಿನ್ನ ಬಾಯಾಗಿಂದು ಅರ್ಧ ತಗದು ಆ ಉಮಾಕಾಂತನ ಬಾಯಾಗ ಹಾಕಿದ್ರ ಇಬ್ಬರೂ ಬರೋಬರ್ ಆಗ್ತೀರಿ" ಎನ್ನುತ್ತಿದ್ದರು. ಭಾಲ್ಕಿಯಿಂದ ಮದುವೆಯಾಗಿ ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಅತ್ತೆಯೊಡನೆ ನಾನು ಜಗಳವಾಡದ ವಾರವಿಲ್ಲ. ಆದರೂ ಆ ಮಾತನ್ನು ಸುಳ್ಳೆನ್ನಲಾರೆ.

ಉಮಾಕಾಂತ ಫ್ರಿಜ್ಜು ರಿಪೇರಿ ಮಾಡುವವನು. ಬಸ್ ಸ್ಟ್ಯಾಂಡಿನ ಹಿಂದೆ ತಗಡಿನದೊಂದು ಅಂಗಡಿ ಇದೆ. ಉದಗೀರಕ್ಕೂ ಉಮರ್ಗಾಕ್ಕೂ ಮೋಟಾರ್ ಸೈಕಲ್ಲಿಗೆ ಚೀಲ ಕಟ್ಟಿಕೊಂಡು ಹೋಗುತ್ತಾನೆ. ಬಂದವನು ಸ್ಕ್ರೂ ಬಿಚ್ಚಲು ಅವಸರ ಮಾಡುವುದಿಲ್ಲ. ಮೊದಲು ಫ್ರಿಜ್ಜಿನ ಪಕ್ಕೆಗೆ ಅಂಗೈ ಇಡುತ್ತಾನೆ. ಆಮೇಲೆ ಗಬ್ಬದ ಎಮ್ಮೆಯ ಹೊಟ್ಟೆಗೆ ಹಚ್ಚಿದಂತೆ ಕಿವಿ ಹಚ್ಚುತ್ತಾನೆ. ಕೊನೆಗೆ ಒಂದೇ ಪ್ರಶ್ನೆ: "ಯಾವಾಗಿಂದ?" ನಾವು ಹೆಂಗಸರು ಫ್ರಿಜ್ಜಿನ ಜೊತೆಗೆ ನಾದಿನಿಯ ಕಥೆ, ಬೋರಿನ ನೀರಿನ ಕಥೆ ಎಲ್ಲ ಸೇರಿಸಿ ಹೇಳುತ್ತೇವೆ. ಮುಗಿಯುವ ತನಕ ನಿಂತಿರುತ್ತಾನೆ. ಹತ್ತರಲ್ಲಿ ಏಳು ಸಲ ಒಳಗಡೆ ಏನೂ ಕೆಟ್ಟಿರುವುದಿಲ್ಲ. ಪ್ಲಗ್ಗು ಸಡಿಲಾಗಿರುತ್ತದೆ, ಇಲ್ಲವೇ ಬಾಗಿಲ ರಬ್ಬರಿಗೆ ಸಾರು ಮೆತ್ತಿರುತ್ತದೆ. ಸರಿಮಾಡಿ, ಕೈ ತೊಳೆದುಕೊಂಡು, ಚಹಾನೂ ಕುಡಿಯದೆ ಹೋಗುತ್ತಾನೆ. ನೋಡಿದರೆ ನನಗೆ ಸಿಟ್ಟು ಬರುತ್ತಿತ್ತು. ಗೋಡೆಯಾದರೂ ಕೂಗಿದರೆ ತಿರುಗಿ ಕೂಗುತ್ತದೆ.

ಮೂರು ವರ್ಷದ ಹಿಂದೆ ಹೀಗಿರಲಿಲ್ಲ. ಹೆಂಡತಿ ಸುಗಂಧಾ ಇದ್ದಾಗ ನಗುತ್ತಿದ್ದ, ನಗಿಸುತ್ತಿದ್ದ. ಆಗಲೇ ಅವನು ಆ ಪೆಟ್ಟಿಗೆ ಮಾಡಿದ್ದು. ಮುಚ್ಚಿಹೋದ ಅಂಗಡಿಯೊಂದರ ಹಳೆಯ ಬಾಟಲಿ ಕೂಲರ್ ತಂದು, ಮೈ ಉದ್ದ ಮಾಡಿ, ಮೇಲೆ ಗಾಜು ಕೂಡಿಸಿ, ಹೆಣ ಇಡುವ ತಂಪು ಪೆಟ್ಟಿಗೆ ಮಾಡಿದ. ದೂರದ ಊರಿನಿಂದ ಮಕ್ಕಳು ಬರುವ ತನಕ ಕಾಯಬೇಕಾದವರಿಗೆ ಅದರಿಂದ ದೊಡ್ಡ ಉಪಕಾರವಾಯಿತು. ಊರೆಲ್ಲ ಹೊಗಳಿತು. ಒಂದು ಸಂಗತಿ ಮಾತ್ರ ಯಾರ ತಲೆಗೂ ಹೊಳೆಯಲಿಲ್ಲ, ಅವನ ತಲೆಗೂ ಹೊಳೆಯಲಿಲ್ಲ.

ನಮ್ಮ ಲಿಂಗವಂತರಲ್ಲಿ ಸತ್ತವರನ್ನು ಮಲಗಿಸಿ ಕಳಿಸುವುದಿಲ್ಲ. ಮೈ ಬಿಸಿ ಇರುವಾಗಲೇ ಕಾಲು ಮಡಚಿ, ಗೋಡೆಗೆ ಆನಿಸಿ ಕೂಡಿಸುತ್ತೇವೆ. ಹಣೆಗೆ ವಿಭೂತಿ, ಅಂಗೈಯಲ್ಲಿ ಲಿಂಗ. ಕೂತಂತೆಯೇ ಬಿದಿರಿನ ವಿಮಾನದಲ್ಲಿ ಹೊತ್ತು, ಕೂತಂತೆಯೇ ಕುಣಿಗೆ ಇಳಿಸುತ್ತೇವೆ. ಸುಗಂಧಾ ಒಂದು ಮುಂಜಾನೆ ರೊಟ್ಟಿ ಬಡಿಯುತ್ತ ಎದೆ ಹಿಡಿದುಕೊಂಡು ಕುಸಿದಳು. ಮಗಳು ಶಾಂಭವಿ ಸೋಲಾಪುರದಲ್ಲಿ ನರ್ಸಿಂಗ್ ಓದುತ್ತಿದ್ದಳು. ಮರುದಿನ ಅವಳ ಕಡೆಯ ಪೇಪರು. ಬರೆದು ಬರಲಿ ಎಂದು ಉಮಾಕಾಂತ ಹೆಂಡತಿಯನ್ನು ತನ್ನದೇ ಪೆಟ್ಟಿಗೆಯಲ್ಲಿ ಮಲಗಿಸಿದ. ದೀಡು ದಿವಸ, ಒಂದು ಹಗಲು ರಾತ್ರಿಯ ಮೇಲೆ ಇನ್ನರ್ಧ ದಿನ. ಮಗಳು ಬಂದ ಮೇಲೆ ಹೊರಗೆ ತೆಗೆದರೆ ಸುಗಂಧಾಳ ಮೈ ಮರದ ಹಲಗೆಯಾಗಿತ್ತು. ನಾಲ್ಕು ಜನ ಮೊಣಕಾಲು ಒತ್ತಿದರು. ಮಡಚಲಿಲ್ಲ. ಶಾಂಭವಿ ನೋಡುತ್ತಲೇ ನಿಂತಿದ್ದಳು. "ಸಾಕು ಬಿಡ್ರಿ" ಎಂದ ಉಮಾಕಾಂತ. ಕ್ರಿಯೆ ಮಾಡಿಸಲು ಬಂದ ಅಯ್ಯನವರು ಕುಣಿಯನ್ನು ಉದ್ದ ಅಗೆಯಲು ಹೇಳಿಕಳಿಸಿದರು. ಸುಗಂಧಾ ಮಲಗಿಕೊಂಡೇ ಹೋದಳು.

ಅವತ್ತು ಅವರ ಅಂಗಳದಲ್ಲಿ ನಿಂತು ನಾನೊಂದು ಮಾತು ಆಡಿದೆ. ಪಕ್ಕದವಳ ಕಿವಿಗೆಂದು ಆಡಿದ್ದು: "ಮಂದಿ ನೀರಿಗಿ ಐಸ್ ಮಾಡೂ ಮನಷ್ಯಾ, ಹೇಂತಿನ್ನೂ ಐಸ್ ಮಾಡಿದ ನೋಡ." ಉಮಾಕಾಂತ ಎರಡು ಮಾರು ದೂರದಲ್ಲಿ ಬೆನ್ನು ತಿರುಗಿಸಿ ನಿಂತಿದ್ದ. ತಿರುಗಿ ನೋಡಲಿಲ್ಲ. ಕೇಳಿಸಿಲ್ಲ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಸಲೀಸಾಗಿತ್ತು.

ಅದಾದ ಮೇಲೆ ಅವನು ಮೂರನೇ ದಿನವೇ ಕೆಲಸಕ್ಕೆ ಹೋದ. ಅತ್ತದ್ದನ್ನು ಯಾರೂ ನೋಡಲಿಲ್ಲ. ಮಗಳು ವಾರಕ್ಕೊಮ್ಮೆ ಫೋನು ಮಾಡುತ್ತಾಳೆ. "ಊಟ ಆತಾ?" "ಆತು." ಅಷ್ಟೇ. ಪೆಟ್ಟಿಗೆಯನ್ನು ಕೇಳಿದವರಿಗೆ ಕೊಡುತ್ತಿದ್ದ. ನಮ್ಮವರ ಮನೆಗೆ ಮಾತ್ರ ಕೊಡುತ್ತಿರಲಿಲ್ಲ. ನಮ್ಮವರೂ ಕೇಳಿರಲಿಲ್ಲ.

ಕೇಳಿದ್ದು ನಾವೇ. ಈ ವರ್ಷ ಮೇ ತಿಂಗಳಲ್ಲಿ, ಮುಂಜಾನೆ ಆರಕ್ಕೆ, ಅತ್ತೆ ಹೋದರು. ಎಂಬತ್ತೊಂದು ವಯಸ್ಸು. ರಾತ್ರಿ ನನ್ನ ಸಾರಿಗೆ ಉಪ್ಪು ಹೆಚ್ಚಾಯಿತು ಎಂದು ಬೈದು ಮಲಗಿದವರು ಏಳಲಿಲ್ಲ. ನನಗೆ ಅಳು ಬರಲಿಲ್ಲ. ಕೈಕಾಲು ತಮ್ಮಷ್ಟಕ್ಕೆ ಕೆಲಸ ಮಾಡುತ್ತಿದ್ದವು, ನಾನು ಎಲ್ಲೋ ದೂರ ನಿಂತು ನೋಡುತ್ತಿದ್ದೆ.

ನನ್ನ ಗಂಡ ವೀರಭದ್ರನ ಅಕ್ಕ ಕುಸುಮಬಾಯಿ ನಾಗಪುರದಲ್ಲಿ ಇರುತ್ತಾರೆ. ಎಷ್ಟೇ ಓಡಿ ಬಂದರೂ ಸಂಜೆ ಐದು. ಹೊರಗೆ ಎಂಟಕ್ಕೇ ನೆಲ ಸುಡುವ ಬಿಸಿಲು. ಹಿಂದೆ ಇಂಥದೇ ಬೇಸಗೆಯಲ್ಲಿ ನಮ್ಮ ಚಿಕ್ಕತ್ತೆಯ ಹೊಟ್ಟೆ ಉಬ್ಬಿ, ಬಂದವರು ಮೂಗಿಗೆ ಸೆರಗು ಹಿಡಿದು ನಿಂತದ್ದು ಎಲ್ಲರಿಗೂ ನೆನಪಿತ್ತು. ಇವರು, ನನ್ನ ಗಂಡ, ಉಮಾಕಾಂತನಿಗೆ ಫೋನು ಹಚ್ಚಿ ಪೆಟ್ಟಿಗೆ ತರಲು ಹೇಳಿದರು. ಯಾರ ಮನೆಗೆ ಎಂದು ಗೊತ್ತಿದ್ದೂ ಅವನು ಬಂದ, ಪೆಟ್ಟಿಗೆಯನ್ನು ಟೆಂಪೋದಲ್ಲಿ ಹಾಕಿಕೊಂಡೇ ಬಂದ. ಹೊಸಿಲಲ್ಲಿ ನಿಂತು ಕೇಳಿದ.

"ಎಷ್ಟೊತ್ತಾತು?"

"ತಾಸ್ ಆತು" ಎಂದರು ಇವರು.

"ಆಯಿಗಿ ಕೂಡಸಿಲ್ಲ?"

"ಅಕ್ಕ ಬಂದಮ್ಯಾಲ ಕೂಡಸ್ತೀವಿ. ಅಲ್ಲೀತನಕ ಪೆಟ್ಟಿಗ್ಯಾಗ ಇರ್ಲಿ."

"ಆಮ್ಯಾಲ ಮಡಚಂಗಿಲ್ಲರಿ."

"ನಿಂದು ದೀಡ್ ದಿವ್ಸ ಆಗಿತ್ತೋ ಉಮಾಕಾಂತ. ಇದು ಹತ್ತ ತಾಸಿನ ಮಾತು."

ಉಮಾಕಾಂತ ಒಳಗೆ ಬಂದು ಅತ್ತೆಯ ಪಕ್ಕ ಕೂತು, ಮೊಣಕಾಲಿಗೆ ಅಂಗೈ ಇಟ್ಟ. ಫ್ರಿಜ್ಜಿನ ಪಕ್ಕೆಗೆ ಇಡುವುದೂ ಹಾಗೆಯೇ.

"ಇನ್ನಾ ಮಿದು ಅವ. ಈಗೇ ಕೂಡಸ್ರಿ. ಸುತ್ತ ಐಸ್ ಇಡಾಮು. ನಾ ಪೆಟ್ಟಿಗಿ ಇಳಸಂಗಿಲ್ಲ, ನೀವು ಬೈದ್ರೂ ಇಳಸಂಗಿಲ್ಲ."

ಮೂರು ವರ್ಷದಲ್ಲಿ ಅವನ ಬಾಯಿಂದ ಅಷ್ಟು ಮಾತು ಒಟ್ಟಿಗೆ ಬಂದದ್ದು ಅವತ್ತೇ. ಇವರು ನನ್ನ ಮುಖ ನೋಡಿದರು. ನಾನು, "ಹಿಡೀರಿ, ಕೂಡಸೂಣು" ಎಂದೆ. ಕಾಲು ಸಲೀಸಾಗಿ ಮಡಚಿದವು. ಬೆನ್ನು ಗೋಡೆಗೆ ಆನಿಸಿ, ತಲೆ ಬಾಗದಂತೆ ಹಣೆಗೊಂದು ಬಟ್ಟೆ ಸುತ್ತಿ ಗೋಡೆಯ ಮೊಳೆಗೆ ಕಟ್ಟಿದೆವು.

ಇನ್ನು ಐಸು. ಊರಿನ ಐಸ್ ಫ್ಯಾಕ್ಟರಿಯ ಮೋಟಾರು ಸುಟ್ಟು ನಾಲ್ಕು ದಿನವಾಗಿತ್ತು. ಅದರ ಸಾಮಾನು ಲಾತೂರಿನಿಂದ ಬರಬೇಕು ಎಂದು ಉಮಾಕಾಂತನೇ ಹೇಳಿದ. ಪೆಟ್ಟಿಗೆ ತಂಪು ಇಡುತ್ತದೆಯೇ ಹೊರತು ನೀರು ಗಟ್ಟಿ ಮಾಡುವುದಿಲ್ಲ. ಲಾತೂರಿನಿಂದ ಐಸು ತರಿಸಿದರೆ ಈ ಬಿಸಿಲಿನಲ್ಲಿ ಅರ್ಧ ದಾರಿಯಲ್ಲೇ ನೀರು. ಉಳಿದದ್ದು ಗಲ್ಲಿಯ ಫ್ರಿಜ್ಜುಗಳು, ಹನ್ನೊಂದು ಮನೆಯವು.

"ವೈನಿ, ನೀವು ಮುಂದ ನಡೀರಿ. ನಂಗ ಮಂದೀ ಅಡಗಿಮನ್ಯಾಗ ಮಾತಾಡಾಕ ಬರಂಗಿಲ್ಲ" ಎಂದ.

ಮೊದಲು ನನ್ನದೇ. ಫ್ರೀಜರಿನಲ್ಲಿ ಐಸು ಗುಹೆ ಕಟ್ಟಿತ್ತು, ತಟ್ಟೆಗಳು ಅದರೊಳಗೆ ಹೂತಿದ್ದವು. ನಾನು ಚಾಕು ತೆಗೆದುಕೊಂಡೆ. ಉಮಾಕಾಂತ ಅದನ್ನು ಕಸಿದುಕೊಂಡ. "ಹಾಂಗೇ ಹೋದ ವರ್ಷ ಪೈಪಿಗಿ ತೂತ ಮಾಡಿದ್ರಿ. ಗ್ಯಾಸ್ ಎಲ್ಲಾ ಹೋಗಿತ್ತು." ಸ್ವಿಚ್ ಆರಿಸಿ, ಕಾದ ನೀರಿನ ಪಾತೆಲಿ ಒಳಗಿಟ್ಟು ಬಾಗಿಲು ಮುಚ್ಚಿದ. ಕಾಲು ತಾಸಿನಲ್ಲಿ ಗೋಡೆಯಿಂದ ಐಸು ಹೆಂಚಿನಂತೆ ಕಳಚಿ ಬಿತ್ತು. ಅದೇ ಮೊದಲ ಐಸು, ಅತ್ತೆಯ ಹೊಟ್ಟೆಯ ಮೇಲಿಟ್ಟೆವು. ಖಾಲಿಯಾದ ಫ್ರೀಜರಿನಲ್ಲಿ ಸ್ಟೀಲಿನ ಬಟ್ಟಲುಗಳಲ್ಲಿ ನೀರು ತುಂಬಿಟ್ಟ. ಪ್ಲಾಸ್ಟಿಕ್ಕಿಗಿಂತ ಸ್ಟೀಲಿನಲ್ಲಿ ಬೇಗ ಗಟ್ಟಿಯಾಗುತ್ತದಂತೆ. ತಂಪು ಹೆಚ್ಚುಕಡಿಮೆ ಮಾಡುವ ಒಳಗಿನ ಗುಂಡಿಯನ್ನು ಕೊನೆಯ ಅಂಕಿಗೆ ತಿರುಗಿಸಿದ.

ಪಕ್ಕದ ಮನೆಯ ಕಸ್ತೂರಬಾಯಿಯ ಫ್ರಿಜ್ಜು ಗೋಡೆಗೆ ಅಂಟಿಕೊಂಡು, ಒಲೆಯ ಮಗ್ಗುಲಲ್ಲೇ ನಿಂತಿತ್ತು. ಹಾಲೇ ತಣ್ಣಗಾಗುತ್ತಿರಲಿಲ್ಲ, ಐಸೆಲ್ಲಿ? ಉಮಾಕಾಂತ ಅದನ್ನು ಗೇಣುದ್ದ ಮುಂದಕ್ಕೆ ಎಳೆದ. ಹಿಂದಿನ ಜಾಲರಿಯ ತುಂಬ ಕಂಬಳಿಯಷ್ಟು ದಪ್ಪ ಧೂಳು. ಸೊಸೆ ತವರಿಗೆ ಸಾಗಿಸಿದಳು ಎಂದು ಎರಡು ವರ್ಷದಿಂದ ಆಕೆ ಬೈಯುತ್ತಿದ್ದ ಲಟ್ಟಣಿಗೆ ಕೂಡ ಅಲ್ಲೇ ಬಿದ್ದಿತ್ತು. ಬೇರೆ ದಿನವಾಗಿದ್ದರೆ ನಾನು ಅದನ್ನು ಹಿಡಿದುಕೊಂಡು ಇಡೀ ಗಲ್ಲಿ ಸುತ್ತುತ್ತಿದ್ದೆ. ಅವತ್ತು ಕೆಳಗಿಟ್ಟು ಪೊರಕೆ ಹಿಡಿದೆ.

ಮತ್ತೊಂದು ಮನೆಯಲ್ಲಿ ಬಾಗಿಲು ಗಟ್ಟಿ ಕೂಡುತ್ತಿರಲಿಲ್ಲ. ಬಾಗಿಲ ಸಂದಿನಲ್ಲಿ ಒಂದು ಕಾಗದ ಇಟ್ಟು ಮುಚ್ಚಿ ಎಳೆದ, ಸುಮ್ಮನೆ ಜಾರಿ ಬಂತು. ರಬ್ಬರನ್ನು ಬಿಸಿನೀರಿನಲ್ಲಿ ತೊಳೆಸಿ, ಮುಂದಿನ ಎರಡು ಕಾಲಿನ ಕೆಳಗೆ ಹೆಂಚಿನ ತುಣುಕು ಕೊಟ್ಟ. ಬಾಗಿಲು ತಾನಾಗಿ ಹೋಗಿ ಕೂತಿತು. ಇನ್ನೊಂದರಲ್ಲಿ ಬೇಸಗೆಯಲ್ಲೂ ಗುಂಡಿ ಒಂದರ ಮೇಲಿತ್ತು. ಮಗದೊಂದು ಮನೆಯವರು ಒಳಗೆ ಹತ್ತು ಕಿಲೋ ಬೇಳೆ ತುರುಕಿದ್ದರು. ಗಾಳಿ ಆಡಲು ಜಾಗವೇ ಇಲ್ಲ. ಹೊರಗೆ ತೆಗೆಸಿದ.

ಗಲ್ಲಿಯ ಕೊನೆಗೆ ಸ್ವಪ್ನಾಲಿಯ ಮನೆ. ಹೊಸ ಸೊಸೆ, ಮರಾಠಿಯವಳು. ತವರಿನವರು ಕೊಟ್ಟ ಎರಡು ಬಾಗಿಲಿನ ದೊಡ್ಡ ಫ್ರಿಜ್ಜು, ತಾನೇ ಐಸು ಮಾಡಿ ಉದುರಿಸುವಂಥದ್ದು. "ಕಾಕೂ, ಬರ್ಫ ಪಡತಚ ನಾಹಿ" ಎಂದಳು. ಐಸು ಒಂದು ದಿನವೂ ಉದುರಿಲ್ಲವಂತೆ. ಉಮಾಕಾಂತ ಹಿಂದೆ ಬಗ್ಗಿ ನೋಡಿದ. ನೀರಿನ ಸಣ್ಣ ನಳಿಗೆ ಗೋಡೆಗೆ ಒತ್ತಿ ಮಡಚಿಕೊಂಡಿತ್ತು. ಅದನ್ನು ನೆಟ್ಟಗೆ ಮಾಡಿದ. ಆಮೇಲೆ ಮೇಲಿನ ಖಾನೆಯಲ್ಲಿ ಮೇಲೆದ್ದು ನಿಂತಿದ್ದ ಒಂದು ತಂತಿಯನ್ನು ಬೆರಳಿನಿಂದ ಕೆಳಗಿಳಿಸಿದ. ಆ ತಂತಿ ಮೇಲಿದ್ದರೆ ಡಬ್ಬಿ ತುಂಬಿದೆ, ಐಸು ಸಾಕು ಎಂದು ಯಂತ್ರ ತಿಳಿಯುತ್ತದಂತೆ. ಒಂದೂವರೆ ತಾಸಿನ ಮೇಲೆ ಒಳಗೆ ಕಟಕಟ ಸದ್ದಾಗಿ ಐಸು ಉದುರಿತು. ಸ್ವಪ್ನಾಲಿ ನಗಲು ಹೋದಳು, ನಮ್ಮ ಮನೆಯ ಸಾವು ನೆನಪಾಗಿ ಬಾಯಿ ಮುಚ್ಚಿಕೊಂಡಳು.

ಹನ್ನೆರಡರ ನಂತರ ಪ್ರತಿ ಮನೆಯಿಂದ ಬಟ್ಟಲು ಬರತೊಡಗಿದವು. ಉಮಾಕಾಂತ ಐಸನ್ನು ಚೀಲದಲ್ಲಿ ಕಟ್ಟಿ, ಹಳೆಯ ಧೋತರದಲ್ಲಿ ಸುತ್ತಿ, ಅತ್ತೆಯ ಹೊಟ್ಟೆಗೆ, ಬೆನ್ನಿಗೆ, ಕಂಕುಳಿಗೆ ಇಟ್ಟ. ಕರಗಿದರೆ ಬದಲಿಸಿದ. ಹರಿದ ನೀರು ಒರೆಸಿದ. ಊಟಕ್ಕೆ ಕರೆದರು, ಏಳಲಿಲ್ಲ. ಅವನ ಬೆರಳು ಸುಕ್ಕುಗಟ್ಟಿ ಬೆಳ್ಳಗಾಗಿದ್ದವು. ಮುಖದಲ್ಲಿ ಮಾತ್ರ ಏನೂ ಇರಲಿಲ್ಲ, ಯಾವತ್ತಿನ ಹಾಗೆಯೇ.

ಐದೂಕಾಲಿಗೆ ಕುಸುಮಬಾಯಿ ಬಂದರು. ದಾರಿಯುದ್ದಕ್ಕೂ ಅತ್ತು ದನಿ ಬಿದ್ದುಹೋಗಿತ್ತು. ಅಷ್ಟರಲ್ಲಿ ಉಮಾಕಾಂತ ಐಸೆಲ್ಲ ತೆಗೆದು, ಮೈ ಒರೆಸಿ, ಬದಿಗೆ ಸರಿದಿದ್ದ. ಅತ್ತೆ ಕೂತಿದ್ದರು. ಹಣೆಯ ತುಂಬ ವಿಭೂತಿ, ಮಡಚಿದ ಕಾಲು, ಅಂಗೈಯಲ್ಲಿ ಲಿಂಗ. ಈಗ ನನ್ನನ್ನು ಕರೆದು ಸಾರಿನ ಉಪ್ಪಿನ ಮಾತು ಮುಂದುವರಿಸುತ್ತಾರೆ ಎಂಬ ಹಾಗೆ ಕೂತಿದ್ದರು.

ಕುಸುಮಬಾಯಿ ಬಾಗಿಲಲ್ಲಿ ಒಂದು ಗಳಿಗೆ ನಿಂತರು. ಆಮೇಲೆ ಹೋಗಿ, ಅರವತ್ತು ವರ್ಷದ ಹೆಂಗಸು, ಅವ್ವನ ತೊಡೆಯ ಮೇಲೆ ತಲೆ ಇಟ್ಟು ಮಲಗಿದರು. "ಅವ್ವಾ, ನಾ ಬಂದೀನಿ" ಎಂದರು. ಯಾರೂ ಎಬ್ಬಿಸಲಿಲ್ಲ.

ಉಮಾಕಾಂತ ನನ್ನ ಪಕ್ಕದಲ್ಲಿ ಕಂಬಕ್ಕೆ ಆನಿಕೊಂಡು ನಿಂತಿದ್ದ. ನೋಡುತ್ತಲೇ ಇದ್ದ. ನನಗೋ ಕಂಬಕ್ಕೋ ಎಂಬಂತೆ ಹೇಳಿದ: "ನಮ್ಮ ಶಾಂಭವಿಗಿ ತೊಡಿ ಸಿಗಲಿಲ್ಲರಿ ವೈನಿ."

ಮೂರು ವರ್ಷದ ಹಿಂದಿನ ನನ್ನ ಮಾತು ನೆನಪಾಗಿ ಅವನ ಕಡೆ ತಿರುಗಿದೆ.

"ಉಮಾಕಾಂತಣ್ಣಾ, ಅವತ್ತ ನಿಮ್ಮ ಅಂಗಳದಾಗ ನಾ ಒಂದ್ ಮಾತ ಅಂದಿದ್ದೆ. ತಪ್ಪಾತು."

"ಕೇಳಿಸಿತ್ರಿ" ಎಂದ.

ಕೇಳಿಸಿತ್ತು. ಆಮೇಲೂ ಐದು ಸಲ ನನ್ನ ಫ್ರಿಜ್ಜು ರಿಪೇರಿಗೆ ಬಂದಿದ್ದ. ನನ್ನ ಉದ್ದುದ್ದ ಕಥೆ ಮುಗಿಯುವ ತನಕ ನಿಂತಿದ್ದ.

ಅತ್ತೆಯನ್ನು ಕೂತಂತೆಯೇ ಒಯ್ದು, ಹೊತ್ತು ಮುಳುಗುವುದರೊಳಗೆ ಕೂತಂತೆಯೇ ಇಳಿಸಿದರು. ಮಣ್ಣು ಕೊಟ್ಟು ಬಂದ ಮೇಲೆ ಉಮಾಕಾಂತ ಖಾಲಿ ಪೆಟ್ಟಿಗೆಯ ಟೆಂಪೋ ಹತ್ತಿದ. ಹತ್ತಿದವನು ಇಳಿದು ಮತ್ತೆ ಬಾಗಿಲಿಗೆ ಬಂದ.

"ವೈನಿ, ಫ್ರಿಜ್ಜಿನ ಗುಂಡಿ ಮತ್ತ ಮೂರಕ್ಕ ತಿರವ್ರಿ. ಹಾಂಗೇ ಬಿಟ್ರ ಮತ್ತ ಐಸ್ ಗಡ್ಡಿ ಕಟ್ತದ."

ಒಳಗೆ ಹೋಗಿ ಫ್ರಿಜ್ಜು ತೆರೆದೆ. ನಿನ್ನೆಯ ಸಾರು ಬಟ್ಟಲಲ್ಲಿ ಹಾಗೇ ಇತ್ತು, ಅತ್ತೆ ಬೈದ ಸಾರು. ಗುಂಡಿಯನ್ನು ಮೂರಕ್ಕೆ ತಿರುಗಿಸಿದೆ. ಮುಂಜಾನೆಯಿಂದ ಬಾರದ ಅಳು ಅಲ್ಲಿ ಬಂತು. ಎಷ್ಟು ಹೊತ್ತು ಅಳುತ್ತ ನಿಂತೆನೋ ಗೊತ್ತಿಲ್ಲ, ಫ್ರಿಜ್ಜಿನ ಬಾಗಿಲು ತೆರೆದೇ ಇತ್ತು.