ಆಗ್ನೆಲ್‌ನನ್ನು ಕೈಬಿಟ್ಟ ವರ್ಷ

ಹೊಸನಗರದ ಬಸ್ ಸ್ಟ್ಯಾಂಡ್ ಹತ್ತಿರ ರಾಜೇಂದ್ರನ ಬೇಕರಿ ಇದೆ. ಅಲ್ಲಿ ಬ್ರೆಡ್ಡು, ಬನ್ನು, ರಸ್ಕು ಮಾಡುವವನು ಹುಲಿಯಪ್ಪ. ವಯಸ್ಸು ಐವತ್ತು ದಾಟಿದೆ, ಮದುವೆಯಾಗಿಲ್ಲ, ಮಾತು ಕಡಿಮೆ. ಬೆಳಗಿನ ಕೆಲಸ ಮುಗಿಸಿ, ಕೈಗೆ ಮೆತ್ತಿದ ಮೈದಾ ತೊಳೆದುಕೊಂಡು ನಗರ ಎನ್ನುವ ಹತ್ತಿರದ ಊರಿಗೆ ಹೋಗುವ ರಸ್ತೆಯಲ್ಲಿರುವ ತನ್ನ ಬಾಡಿಗೆ ಕೋಣೆಗೆ ಹೋದನೆಂದರೆ ಸಂಜೆವರೆಗೂ ಯಾರ ಕಣ್ಣಿಗೂ ಬೀಳುವುದಿಲ್ಲ. ಗೋವಾದಲ್ಲಿ ಬಹಳ ವರ್ಷ ಇದ್ದು ಬಂದವನು, ಕುಡಿಯುವುದಿಲ್ಲ, ಬನ್ನು ಚೆನ್ನಾಗಿ ಮಾಡುತ್ತಾನೆ ಎನ್ನುವುದಷ್ಟೇ ಊರಿನವರಿಗೆ ಗೊತ್ತು. ಅವನಿಗೆ ಫುಟ್‌ಬಾಲ್ ಹುಚ್ಚಿದೆ ಎನ್ನುವುದು ರಾಜೇಂದ್ರನೊಬ್ಬನಿಗೆ ಗೊತ್ತಿತ್ತು. ಆ ಹುಚ್ಚು ಎಷ್ಟು ಆಳದ್ದು ಅನ್ನುವುದು ಅವನಿಗೂ ಗೊತ್ತಿರಲಿಲ್ಲ.

ಹುಲಿಯಪ್ಪನ ಊರು ನಗರದಿಂದ ಆಚೆ ಒಂದು ಹಳ್ಳಿ. ಎಸ್ಸೆಸ್ಸೆಲ್ಸಿ ಫೇಲಾದ ವರ್ಷ ಪರಿಚಯದವರೊಬ್ಬರ ಹಿಂದೆ ಗೋವಾ ಬಸ್ಸು ಹತ್ತಿದ್ದ. ಮಡಗಾಂವ್ ಹತ್ತಿರ ಪಾವ್ ಮಾಡುವ ಬೇಕರಿಯಲ್ಲಿ ಕೆಲಸ ಸಿಕ್ಕಿತು. ಬೇಕರಿಯ ಹಿಂದಿನ ಗೋಡೆ ದಾಟಿದರೆ ಫುಟ್‌ಬಾಲ್ ಮೈದಾನ. ಜುವಾರಿ ರೋವರ್ಸ್ ಎನ್ನುವ ತಂಡ ಅಲ್ಲಿ ದಿನಾ ಪ್ರಾಕ್ಟೀಸ್ ಮಾಡುತ್ತಿತ್ತು. ಪೇಪರಿನಲ್ಲಿ ಫೋಟೋ ಬರುವಂಥ ದೊಡ್ಡ ತಂಡವೇನಲ್ಲ. ಆದರೂ ಅದರ ಪಂದ್ಯವಿದ್ದ ದಿನ ಆ ಊರಿನಲ್ಲಿ ಅಂಗಡಿಗಳು ಅರ್ಧ ಬಾಗಿಲು ಹಾಕುತ್ತಿದ್ದವು.

ಮೊದಮೊದಲು ಹುಲಿಯಪ್ಪ ಹೊತ್ತು ಕಳೆಯಲೆಂದು ಹೋಗಿ ನಿಲ್ಲುತ್ತಿದ್ದ. ಆಮೇಲೆ ಹೋಗದಿದ್ದರೆ ಊಟ ರುಚಿಸುತ್ತಿರಲಿಲ್ಲ. ಬೇಕರಿಯ ಯಜಮಾನ, ವಯಸ್ಸಾದ ಮನುಷ್ಯ, ಒಂದು ದಿನ ಪಕ್ಕದಲ್ಲಿ ನಿಂತು ಹೇಳಿದ: "ಚೆಂಡಿನ ಹಿಂದೆ ಕಣ್ಣು ಓಡಿಸಬೇಡ. ಚೆಂಡಿಲ್ಲದವರು ಏನು ಮಾಡ್ತಾರೆ ನೋಡು." ಅವತ್ತಿನಿಂದ ಹುಲಿಯಪ್ಪನಿಗೆ ಆಟ ಬೇರೆಯೇ ಆಗಿ ಕಾಣಿಸತೊಡಗಿತು. ಗೋಲು ಹೊಡೆದವನಿಗಿಂತ, ಗೋಲು ಆಗದ ಹಾಗೆ ಸುಮ್ಮನೆ ಸರಿಯಾದ ಜಾಗದಲ್ಲಿ ನಿಂತವನ ಮೇಲೆ ಅವನಿಗೆ ಮೋಹ ಹುಟ್ಟಿತು. ಗೋಲ್‌ಕೀಪರನ ಮುಂದೆ ನಿಂತು ಎದುರಾಳಿಗಳನ್ನು ತಡೆಯುವ ಆ ಆಟಗಾರನಿಗೆ ಅಲ್ಲಿ ಸ್ಟಾಪರ್ ಅನ್ನುತ್ತಿದ್ದರು.

ಪ್ರಾಕ್ಟೀಸ್ ಮುಗಿದ ಮೇಲೆ ಆಟಗಾರರು ಬಿಸಿ ಪಾವ್ ತಿನ್ನಲು ಬೇಕರಿಗೆ ಬರುತ್ತಿದ್ದರು. ಇವನ ಹೆಸರಿನಲ್ಲಿ ಹುಲಿ ಇದೆಯೆಂದು ತಿಳಿದ ಮೇಲೆ ಕೊಂಕಣಿಯಲ್ಲಿ 'ವಾಗ್' ಅಂತಲೇ ಕರೆದರು. ಅವರಲ್ಲಿ ಆಗ್ನೆಲ್ ಎಂಬ ಸಣಕಲು ಹುಡುಗನೊಬ್ಬ ಹೊಸದಾಗಿ ಸೇರಿದ್ದ. ಮನೆಯಲ್ಲಿ ಕಷ್ಟವಿತ್ತು. ಅವನು ತಡವಾಗಿ ಬಂದರೂ ಅವನ ಪಾಲಿನ ಪಾವ್ ಹುಲಿಯಪ್ಪ ಬಟ್ಟೆಯಲ್ಲಿ ಸುತ್ತಿ ಬೆಚ್ಚಗೆ ಇಟ್ಟಿರುತ್ತಿದ್ದ. ಆ ಆಗ್ನೆಲ್ ಮುಂದೆ ಸ್ಟಾಪರ್ ಆದ, ಆಮೇಲೆ ಕ್ಯಾಪ್ಟನ್ ಆದ.

ಅಷ್ಟರಲ್ಲಿ ಊರಲ್ಲಿ ತಾಯಿ ಕೆರಿಯಮ್ಮ ಹಾಸಿಗೆ ಹಿಡಿದಳು. ತಂಗಿ ಸುಷ್ಮಾ ತೀರ್ಥಹಳ್ಳಿಗೆ ಮದುವೆಯಾಗಿ ಹೋಗಿದ್ದಳು. ನೋಡಿಕೊಳ್ಳಲು ಹುಲಿಯಪ್ಪನೇ ಬರಬೇಕಾಯಿತು. ಬರುವಾಗ ಆಗ್ನೆಲ್ ತನ್ನ ನಂಬರ್ ಕೊಟ್ಟು, "ಹೋಗಿ ಬಾ ವಾಗ್, ಫೋನ್ ಮಾಡ್ತಿರು" ಅಂದಿದ್ದ. ತಾಯಿಯ ಸೇವೆಯಲ್ಲಿ ಕೆಲವು ವರ್ಷ ಕಳೆದವು. ಆಕೆ ತೀರಿಕೊಂಡ ಹೊತ್ತಿಗೆ ಗೋವಾದ ಯಜಮಾನ ಬೇಕರಿಯನ್ನು ಮಾರಿಬಿಟ್ಟಿದ್ದ. ವಾಪಸು ಹೋಗಲು ಜಾಗವಿರಲಿಲ್ಲ. ಆಗ್ನೆಲ್‌ಗೆ ಫೋನ್ ಮಾಡಬೇಕೆಂದು ಎಷ್ಟೋ ಸಲ ಅನಿಸಿದರೂ, ಅವನು ಈಗ ಕ್ಯಾಪ್ಟನ್, ಬನ್ ಮಾಡುವ ತಾನು ಅವನ ಹತ್ತಿರ ಏನು ಮಾತಾಡುವುದು ಎಂದು ಹುಲಿಯಪ್ಪ ಸುಮ್ಮನಾಗುತ್ತಿದ್ದ.

ಅವನನ್ನು ಉಳಿಸಿದ್ದು ಮೊಬೈಲು. ಜುವಾರಿ ರೋವರ್ಸ್ ತಂಡದವರು ತಮ್ಮ ಪಂದ್ಯಗಳನ್ನು ಯೂಟ್ಯೂಬಿನಲ್ಲಿ ನೇರವಾಗಿ ತೋರಿಸಲು ಶುರುಮಾಡಿದರು. ಒಂದೇ ಕ್ಯಾಮೆರಾ, ವಿವರಣೆ ಹೇಳುವವರಿಲ್ಲ, ಗಾಳಿ ಬಂದಾಗ ತೆಂಗಿನ ಗರಿಯೊಂದು ಅಡ್ಡ ಬರುತ್ತಿತ್ತು. ಎಷ್ಟು ಜನ ನೋಡುತ್ತಿದ್ದಾರೆಂದು ಕೆಳಗೆ ಕಾಣಿಸುತ್ತಿತ್ತು. ಮೂವತ್ತು, ಒಮ್ಮೊಮ್ಮೆ ನಲವತ್ತು. ಹೊಸನಗರದಿಂದ ನೋಡುವವನು ತಾನೊಬ್ಬನೇ ಎನ್ನುವುದರಲ್ಲಿ ಹುಲಿಯಪ್ಪನಿಗೆ ಸಂಶಯವಿರಲಿಲ್ಲ.

ಎಪ್ರಿಲ್ ಕೊನೆಗೆ ಪಂದ್ಯಗಳು ಮುಗಿದರೆ ಮತ್ತೆ ದೀಪಾವಳಿ ಕಳೆಯುವವರೆಗೆ ಆಟವಿಲ್ಲ. ಬೇರೆಯವರಿಗೆ ಅದು ಖಾಲಿ ಸಮಯ. ಹುಲಿಯಪ್ಪನ ಲೆಕ್ಕದಲ್ಲಿ ತಂಡ ಹುಟ್ಟುವುದೇ ಆಗ. ಯಾರನ್ನು ಉಳಿಸಿಕೊಳ್ಳುತ್ತಾರೆ, ಯಾರನ್ನು ಕಳಿಸುತ್ತಾರೆ ಅನ್ನುವುದರಲ್ಲೇ ಮುಂದಿನ ವರ್ಷದ ಸೋಲು ಗೆಲುವು ಅಡಗಿದೆ ಎಂದು ಅವನು ನಂಬಿದ್ದ. ತಂಡವನ್ನು ಹಿಂದಿನಿಂದ ಕಟ್ಟಿಕೊಂಡು ಬರಬೇಕು. ಗೋಲ್‌ಕೀಪರನೂ ಸ್ಟಾಪರನೂ ಒಬ್ಬರನ್ನೊಬ್ಬರು ನೋಡದೆಯೇ ಅರಿಯುವಷ್ಟು ಕಾಲ ಜೊತೆಗಿರಬೇಕು. ಒಂದೇ ಸಲಕ್ಕೆ ಇಬ್ಬರು ಮೂವರಿಗಿಂತ ಹೆಚ್ಚು ಜನರನ್ನು ಬದಲಿಸಬಾರದು. ಕೊನೇ ವಾರದಲ್ಲಿ ಗಡಿಬಿಡಿಯಿಂದ ತಂದ ಫಾರ್ವರ್ಡ್ ಯಾವತ್ತೂ ನೆಟ್ಟಗೆ ಆಡುವುದಿಲ್ಲ. ಟ್ರೇಗಳಿಗೆ ಎಣ್ಣೆ ಸವರುತ್ತ ಅವನು ಇದನ್ನೆಲ್ಲ ಮನಸ್ಸಿನಲ್ಲೇ ಯಾರಿಗೋ ಹೇಳುತ್ತಿದ್ದ.

ಆ ವರ್ಷ ಮೇ ತಿಂಗಳಲ್ಲಿ ತಂಡಕ್ಕೆ ಹೊಸ ಮಾಲೀಕ ಬಂದ. ಬಂದ ವಾರದಲ್ಲೇ ಅರ್ಧ ತಂಡವನ್ನು ಬಿಟ್ಟ ಸುದ್ದಿ ಫೇಸ್‌ಬುಕ್ಕಿನಲ್ಲಿ ಬಂತು. ಬಿಟ್ಟವರಲ್ಲಿ ಗೋಲ್‌ಕೀಪರನೂ ಇದ್ದ, ಮೊದಲ ಹೆಸರೇ ಆಗ್ನೆಲ್‌ದು. ಅವನ ಫೋಟೋದ ಕೆಳಗೆ ಥ್ಯಾಂಕ್ ಯೂ ಎಂದು ಬರೆದಿತ್ತು.

ಬೆಳಿಗ್ಗೆ ಹುಲಿಯಪ್ಪ ತಡೆಯಲಾರದೆ ರಾಜೇಂದ್ರನಿಗೆ ಹೇಳಿದ.

"ವಯಸ್ಸೆಷ್ಟು ಅವ್ನಿಗೆ?" ರಾಜೇಂದ್ರ ಕೇಳಿದ.

"ಮೂವತ್ತಾರು."

"ಮತ್ತೆ? ಬಿಡ್ದೆ ಎಂತ ಮಾಡ್ತಾರೆ? ಐಪಿಎಲ್‌ನಲ್ಲಿ ನೋಡು, ಎಂತೆಂಥವ್ರನ್ನೇ ಬಿಡ್ತಾರೆ. ಹರಾಜಿಗೆ ಹಾಕಿ ಹೊಸಬ್ರನ್ನ ತಗಳ್ತಾರೆ."

"ಹೊಸಬ್ರು ಬರ್ಲಿ, ಬೇಡ ಅಂದಿಲ್ಲ ನಾನು. ಹಾಲು ಎಷ್ಟ್ ಒಳ್ಳೇದಿದ್ರೂ ಹೆಪ್ಪಿಗೆ ಒಂದು ಚಮಚ ಹಳೇ ಮೊಸರು ಬೇಕಲ್ಲ. ಇಲ್ದಿದ್ರೆ ಹಾಲು ಹಾಲಾಗೇ ಇದ್ದು ಒಡೀತದೆ."

ರಾಜೇಂದ್ರ ನಕ್ಕು, "ನಿನ್ನನ್ನೇ ಕೋಚ್ ಮಾಡ್ಬೇಕಿತ್ತು ಬಿಡು" ಎಂದು ಗಿರಾಕಿಯ ಕಡೆ ತಿರುಗಿದ. ತಪ್ಪೇನಿಲ್ಲ, ಅವನಿಗೆ ಅಂಗಡಿ ಇತ್ತು.

ಮಧ್ಯಾಹ್ನ ಹುಲಿಯಪ್ಪ ಕೋಣೆಯಲ್ಲಿ ಕೂತು, ಆ ಫೋಟೋದ ಕೆಳಗೆ ತನಗೆ ಬರುವ ಕೊಂಕಣಿಯಲ್ಲಿ, ಇಂಗ್ಲಿಷ್ ಅಕ್ಷರ ಒಂದೊಂದಾಗಿ ಹುಡುಕಿ ಒತ್ತುತ್ತ ಬರೆದ. ಸ್ಟಾಪರನನ್ನು ಕಳಿಸುವುದಾದರೆ ಕೀಪರನನ್ನಾದರೂ ಉಳಿಸಿಕೊಳ್ಳಬೇಕಿತ್ತು, ಇಬ್ಬರನ್ನೂ ಒಟ್ಟಿಗೆ ಕಳಿಸಿದರೆ ಹೊಸ ಹುಡುಗರಿಗೆ ಹೇಳಿಕೊಡುವವರು ಯಾರು ಎಂದು. ಬರೆದು ಮುಗಿಸಿದಾಗ ಮನಸ್ಸು ಹಗುರಾಗಿತ್ತು. ಸಂಜೆ ನೋಡಿದರೆ ಯಾರೋ ಒಬ್ಬ ಉತ್ತರ ಹಾಕಿದ್ದ: 'ಅಂಕಲ್, ನೀವು ಯಾವತ್ತಾದರೂ ನಮ್ಮ ಮೈದಾನಕ್ಕೆ ಬಂದಿದ್ದೀರಾ? ಎಲ್ಲೋ ಕೂತು ಬುದ್ಧಿ ಹೇಳೋದು ಸುಲಭ.' ಅದರ ಕೆಳಗೆ ಹಲವರು ನಗುವ ಮುಖ ಒತ್ತಿದ್ದರು.

ಆ ಮೈದಾನದಲ್ಲಿ ನೀನು ಹುಟ್ಟುವ ಮೊದಲೇ ನಿಂತಿದ್ದವನು ನಾನು ಎಂದು ಬರೆಯಲು ಹೋದ. ಅರ್ಧ ಬರೆದು ಅಳಿಸಿದ.

ಭಾನುವಾರ ತೀರ್ಥಹಳ್ಳಿಗೆ ತಂಗಿಯ ಮನೆಗೆ ಹೋದ. ಭಾವ ಶಿವರಾಮ ಊಟ ಮಾಡಿ ಟೀವಿಯಲ್ಲಿ ಕ್ರಿಕೆಟ್ ಹಾಕಿಕೊಂಡು ಕೂತ. ಹುಲಿಯಪ್ಪ ಹಿಂದಿನ ಜಗಲಿಯಲ್ಲಿದ್ದ. ಪಾತ್ರೆ ತೊಳೆದು ಬಂದ ಸುಷ್ಮಾ ಹತ್ತಿರ ಕೂತಳು.

"ಅಣ್ಣಯ್ಯ, ಎಂತ ಆಯ್ತು? ಕೋಳಿ ಸಾರು ಹಂಗೇ ಬಿಟ್ಯಲ್ಲ."

ಅವನು ಮೊದಲು ಏನಿಲ್ಲ ಅಂದ. ಆಮೇಲೆ ಎಲ್ಲ ಹೇಳಿದ. ಆಗ್ನೆಲ್, ಹೊಸ ಮಾಲೀಕ, ಫೇಸ್‌ಬುಕ್ಕು, ನಗುವ ಮುಖಗಳು. ಸುಷ್ಮಾಗೆ ಅದರಲ್ಲಿ ಅರ್ಧ ಅರ್ಥವಾಗಲಿಲ್ಲ. ಆದರೆ ಅವಳು ನಗಲಿಲ್ಲ.

"ಅವ್ರಿಗೂ ನಿಂಗೂ ಎಂತ ಸಂಬಂಧ ಅಣ್ಣಯ್ಯ ಈಗ?"

ಹುಲಿಯಪ್ಪ ಅಂಗಳದಲ್ಲಿ ಒಣಹಾಕಿದ ಬಟ್ಟೆ ನೋಡುತ್ತ ಕೂತ.

"ಆ ಆಗ್ನೆಲ್ ನಂಬರ್ ಅದೆಯಾ?"

"ಅದೆ."

"ಹಂಗಾರೆ ಅವ್ನಿಗೇ ಮಾಡು. ಊರವ್ರಿಗೆಲ್ಲ ಹೇಳ್ತಾ ಕೂರೋದು ಎಂತಕ್ಕೆ? ಕೆಲಸ ಹೋದೋನು ಅವ್ನಲ್ವಾ?"

ತೀರ್ಥಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಹೊಸನಗರದ ಬಸ್ಸಿಗೆ ಕಾಯುತ್ತ, ಒಂದು ಕಂಬದ ಮರೆಗೆ ನಿಂತು, ಹುಲಿಯಪ್ಪ ಫೋನ್ ಮಾಡಿದ. ಆ ಕಡೆ ಎತ್ತಿದವನಿಗೆ ಹುಲಿಯಪ್ಪ ಎಂಬ ಹೆಸರು ಗೊತ್ತಾಗಲಿಲ್ಲ. ಬೇಕರಿ ಎಂದಾಗಲೂ ಯಾವ ಬೇಕರಿ ಎಂದು ಕೇಳಿದ.

"ನಾನು, ವಾಗ್."

ಆ ಕಡೆಯ ದನಿ ಬೇರೆಯಾಯಿತು. "ವಾಗ್? ಎಲ್ಲಿದ್ದೀಯಾ ಮಾರಾಯ? ಬದುಕಿದ್ದೀಯಾ?"

ಕೊಂಕಣಿ ಮಾತಾಡಿ ವರ್ಷಗಳಾಗಿದ್ದರಿಂದ ಹುಲಿಯಪ್ಪ ತಡವರಿಸಿದ. ಎಲ್ಲ ಪಂದ್ಯವನ್ನೂ ಮೊಬೈಲಿನಲ್ಲಿ ನೋಡುತ್ತೇನೆಂದ. ನಿನ್ನನ್ನು ಬಿಟ್ಟದ್ದು ದೊಡ್ಡ ತಪ್ಪು ಅಂದ. ಹಿಂದಿನಿಂದ ತಂಡ ಕಟ್ಟುವ ತನ್ನ ಮಾತನ್ನೂ ಹೇಳಿದ. ಆಗ್ನೆಲ್ ಪೂರ್ತಿ ಕೇಳಿಸಿಕೊಂಡ.

"ನನ್ನನ್ನು ಬಿಟ್ಟುಬಿಡಿ ಅಂತ ನಾನೇ ಹೇಳಿದ್ದು ವಾಗ್. ಮೊಣಕಾಲು ಹೋಗಿದೆ. ತಿರುಗೋಕೆ ಆಗಲ್ಲ. ಕೊನೇ ಪಂದ್ಯ ನೋಡಿದ್ಯಲ್ಲ, ಎರಡನೇ ಗೋಲು?"

"ಅದು ಎಡಗಡೆ ಹುಡುಗನ ತಪ್ಪು. ಅವನು ವಾಪಸು ಓಡಿ ಬರಲಿಲ್ಲ."

"ಅವನು ಬಂದಿದ್ದ. ತಪ್ಪು ನನ್ನದು."

ಬಸ್ಸೊಂದು ಹೊಗೆ ಬಿಟ್ಟು ಹಿಂದಕ್ಕೆ ಸರಿಯಿತು. ಹುಲಿಯಪ್ಪ ಇನ್ನೊಂದು ಕಿವಿಗೆ ಕೈ ಒತ್ತಿಕೊಂಡ.

"ಇದೆಲ್ಲ ಅಲ್ಲಿ ಯಾರ ಹತ್ರ ಮಾತಾಡ್ತೀಯಾ?" ಆಗ್ನೆಲ್ ಕೇಳಿದ.

"ಯಾರೂ ಇಲ್ಲ."

"ನಂಗೂ ಈಗ ಹಾಗೇ. ಬಿಟ್ಟ ಮೇಲೆ ಎರಡು ದಿನ ಫೋನ್ ಬಂತು, ಎಲ್ಲರೂ ಮಾಡಿದರು. ಆಮೇಲೆ ಯಾರೂ ಇಲ್ಲ. ಪ್ರಾಕ್ಟೀಸ್ ಟೈಮಿಗೆ ಸರಿಯಾಗಿ ಎಚ್ಚರ ಆಗ್ತದೆ. ಎದ್ದು ಏನು ಮಾಡೋದು?"

ಅಷ್ಟರಲ್ಲಿ ಹೊಸನಗರದ ಬಸ್ಸು ಬಂತು.

ಕೋಣೆಗೆ ಬಂದವನೇ ಹುಲಿಯಪ್ಪ ಕೊನೇ ಪಂದ್ಯವನ್ನು ಮತ್ತೆ ಹಾಕಿ ಎರಡನೇ ಗೋಲು ನೋಡಿದ. ಎಡಗಡೆಯ ಹುಡುಗ ನಿಜವಾಗಿಯೂ ಓಡಿ ಬಂದಿದ್ದ. ಆಗ್ನೆಲ್ ತಿರುಗುವಷ್ಟರಲ್ಲಿ ಎದುರಾಳಿ ದಾಟಿ ಹೋಗಿದ್ದ. ಮೊದಲು ನೋಡಿದಾಗ ಇದೇ ಕಣ್ಣಿಗೆ ಅದು ಕಂಡಿರಲಿಲ್ಲ. ಫೇಸ್‌ಬುಕ್ಕಿನಲ್ಲಿ ತಾನು ಬರೆದದ್ದನ್ನು ಹುಡುಕಿ ತೆಗೆದುಹಾಕಿದ. ಕೀಪರನ ವಿಷಯದಲ್ಲಿ ತಾನು ಹೇಳಿದ್ದು ಸರಿಯೇ ಎಂದು ಅವನಿಗೆ ಆಗಲೂ ಅನಿಸುತ್ತಿತ್ತು. ಆದರೆ ಅದನ್ನು ಯಾರ ಮುಂದೆ ವಾದಿಸುವುದು?

ಆ ಮಳೆಗಾಲದಲ್ಲಿ ಆಗ್ನೆಲ್‌ಗೆ ಮತ್ತೆ ಫೋನ್ ಮಾಡುವುದು ಅವನಿಗೆ ಸರಿಯೆನಿಸಲಿಲ್ಲ. ಒಮ್ಮೆ ಮಾಡಿದೆನಲ್ಲ, ಪದೇ ಪದೇ ಮಾಡಿದರೆ ಕಾಟ ಕೊಟ್ಟ ಹಾಗಾಗುತ್ತದೆ ಎಂದು ಸುಮ್ಮನಾದ. ತಂಡಕ್ಕೆ ಹೊಸಬರು ಬಂದರು. ಮಣಿಪುರದ ಹುಡುಗನೊಬ್ಬ ಸ್ಟಾಪರ್ ಆದ.

ದೀಪಾವಳಿ ಆದ ಮೇಲಿನ ಭಾನುವಾರ ಸಂಜೆ ಮೊದಲ ಪಂದ್ಯ. ಅರ್ಧ ಆಟ ಮುಗಿದು ಆಟಗಾರರು ನೀರು ಕುಡಿಯುತ್ತಿರುವಾಗ ಹುಲಿಯಪ್ಪನಿಗೆ ಫೋನ್ ಬಂತು. ಆಗ್ನೆಲ್.

"ನೋಡ್ತಿದ್ದೀಯಾ? ಹೇಗಿದ್ದಾನೆ ಹುಡುಗ?"

"ಚೆನ್ನಾಗಿ ನಿಲ್ತಾನೆ. ಆದ್ರೆ ಮಾತಾಡಲ್ಲ. ಪಕ್ಕದವನಿಗೆ ಕೂಗಿ ಹೇಳ್ಬೇಕು."

"ಅದೇ ನಾನೂ ಹೇಳ್ತಿದ್ದೆ. ನನ್ನ ಹೆಂಡತಿ ಹತ್ರ ಹೇಳಿದೆ, ಅವಳು ಚಹಾ ಮಾಡೋಕೆ ಎದ್ದುಹೋದಳು."

ಆ ಹೊತ್ತಿನಲ್ಲಿ ಹುಲಿಯಪ್ಪ ಒಂದು ತಿಂಗಳಲ್ಲಿ ಆಡದಷ್ಟು ಮಾತಾಡಿದ. ಯಾರನ್ನು ಹಿಂದಕ್ಕೆ ಎಳೆಯಬೇಕು, ಯಾರನ್ನು ಹೊರಗೆ ಕೂರಿಸಬೇಕು, ಬರುವ ವರ್ಷಕ್ಕೆ ಎಂಥ ಕೀಪರ್ ಬೇಕು. ಆಗ್ನೆಲ್ ಒಪ್ಪಿದ್ದಕ್ಕೆ ಒಪ್ಪಿದ, ಇಲ್ಲದ್ದಕ್ಕೆ ಜಗಳ ಮಾಡಿದ. ಆಟ ಮತ್ತೆ ಶುರುವಾದಾಗ, "ಫೋನ್ ಇಡಬೇಡ, ಹಾಗೇ ಇರಲಿ" ಅಂದ. ಪಕ್ಕದ ಕೋಣೆಯ ಎಲೆಕ್ಟ್ರಿಷಿಯನ್‌ನಿಂದ ಇನ್ನೊಂದು ಮೊಬೈಲು ಕೇಳಿ ತಂದು, ಒಂದರಲ್ಲಿ ಆಟ, ಒಂದರಲ್ಲಿ ಆಗ್ನೆಲ್ ಎಂದು ಇಟ್ಟುಕೊಂಡು ಹುಲಿಯಪ್ಪ ನೋಡಿದ. ಗೋವಾದಲ್ಲಿ ಚಿತ್ರ ಒಂದು ಚೂರು ಮೊದಲೇ ಬರುತ್ತಿತ್ತು. ಆಗ್ನೆಲ್ 'ಅಯ್ಯೋ' ಅಂದ ಮೇಲೆ ಇವನಿಗೆ ಗೋಲು ಕಾಣುತ್ತಿತ್ತು. ತಂಡ ಸೋತಿತು. ಸೋತದ್ದು ಅವತ್ತು ಹುಲಿಯಪ್ಪನಿಗೆ ಅಷ್ಟಾಗಿ ತಾಗಲಿಲ್ಲ.

ಮುಂದಿನ ಪಂದ್ಯದ ದಿನ ಅವನು ಎಲೆಕ್ಟ್ರಿಷಿಯನ್‌ಗೆ ಬೆಳಿಗ್ಗೆಯೇ ಹೇಳಿ ಮೊಬೈಲು ತಂದಿಟ್ಟುಕೊಂಡಿದ್ದ. ಅರ್ಧ ಆಟ ಮುಗಿಯಿತು, ಫೋನ್ ಬರಲಿಲ್ಲ. ಇವನೇ ಮಾಡಿದ. ಎತ್ತಲಿಲ್ಲ. ಎರಡು ದಿನ ಬಿಟ್ಟು ಆಗ್ನೆಲ್‌ನ ವಾಯ್ಸ್ ಮೆಸೇಜ್ ಬಂತು. ಹಡಗಿನ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿದೆ, ಮುಂಬೈಗೆ ಬಂದಿದ್ದೇನೆ, ಸಮುದ್ರದಲ್ಲಿ ನೆಟ್ ಸಿಗುವುದಿಲ್ಲ, ಬಂದ ಮೇಲೆ ಮಾತಾಡೋಣ. ಕೊನೆಗೆ ನಗುತ್ತ, "ನೀನು ನೋಡ್ತಿರು ವಾಗ್, ನನಗೆ ಹೇಳ್ತಿರು" ಅಂದಿದ್ದ.

ಹುಲಿಯಪ್ಪ ಪ್ರತಿ ಪಂದ್ಯದ ನಂತರ ಹೇಳಿ ಕಳಿಸಿದ. ಕೆಲವು ಮೆಸೇಜು ವಾರಗಟ್ಟಲೆ ಹಾಗೇ ನಿಂತಿದ್ದು, ಹಡಗು ಯಾವುದೋ ಬಂದರಿಗೆ ಬಂದಾಗ ಒಟ್ಟಿಗೇ ತಲುಪಿದವು. ಒಂದೆರಡು ಸಲ ಹೆಬ್ಬೆರಳಿನ ಚಿತ್ರ ಬಂತು. ಆಮೇಲೆ ಅದೂ ನಿಂತಿತು. ಅವನಿಗೆ ಅಲ್ಲಿ ಎಷ್ಟು ಕೆಲಸವೋ ಎಂದು ಹುಲಿಯಪ್ಪ ಕಳಿಸುವುದನ್ನು ಕಡಿಮೆ ಮಾಡಿದ. ಫೆಬ್ರವರಿ ಹೊತ್ತಿಗೆ ಕಳಿಸುತ್ತಿರಲಿಲ್ಲ.

ತಂಡ ಆ ವರ್ಷ ಪಟ್ಟಿಯ ನಡುವಿನಲ್ಲಿ ಎಲ್ಲೋ ನಿಂತಿತು. ಮಣಿಪುರದ ಹುಡುಗ ಬರಬರುತ್ತ ಕೂಗಲು ಕಲಿತ. ಮತ್ತೆ ಮೇ ಬಂತು. ಈ ಸಲ ಮಾಲೀಕ ಇಬ್ಬರನ್ನು ಮಾತ್ರ ಕಳಿಸಿ, ಸ್ಟಾಪರನನ್ನೂ ಕೀಪರನನ್ನೂ ಉಳಿಸಿಕೊಂಡ. ಹುಲಿಯಪ್ಪ ಆ ಸುದ್ದಿಯನ್ನು ಮತ್ತೆ ಮತ್ತೆ ಓದಿದ. ಹೀಗೇ ಮಾಡಬೇಕೆಂದು ಅವನು ವರ್ಷವಿಡೀ ಅಂದುಕೊಂಡಿದ್ದ.

ಬೆಳಿಗ್ಗೆ ಬನ್ನಿನ ಟ್ರೇ ಹೊರಗೆ ತಂದಿಡುವಾಗ, "ಈ ವರ್ಷ ಇಬ್ರನ್ನೂ ಉಳಿಸ್ಕಂಡ್ರು" ಅಂದ.

ರಾಜೇಂದ್ರ ರಸ್ಕು ತೂಗುತ್ತಿದ್ದ. ಯಾರನ್ನು ಎಂದು ಕೇಳಲಿಲ್ಲ. "ಹೌದಾ? ಒಳ್ಳೇದಾಯ್ತಲ್ಲ" ಅಂದ.

"ಹೂಂ, ಒಳ್ಳೇದಾಯ್ತು" ಎಂದು ಹುಲಿಯಪ್ಪ ಇನ್ನೊಂದು ಟ್ರೇ ತರಲು ಒಳಗೆ ಹೋದ.