ಬಾಣಂತಿ ಕೋಣೆಯ ಮೀನು

ನನ್ನ ಗಂಡ ಕುಡಿಯೋದು ಬಿಟ್ಟು ಮೀನು ಹಚ್ಚಿಕೊಂಡ. ಶಿವಾಜಿನಗರದ ಮಾರ್ಕೆಟ್ಟಿನ ಹಿಂದೆ ಒಬ್ಬ ಸಾಬರು ಬಣ್ಣದ ಮೀನು ಮಾರುತ್ತಿದ್ದರು. ಆಟೊ ಓಡಿಸುತ್ತಿದ್ದ ನನ್ನ ಗಂಡ ಬಾಡಿಗೆ ಕಾಯುತ್ತಾ ಅಲ್ಲಿ ನಿಲ್ಲುತ್ತಿದ್ದ. ಒಂದು ದಿನ ಒಂದು ಫೈಟರ್ ಮೀನನ್ನ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಸಿಕೊಂಡು ಬಂದ. ಕಿರುಬೆರಳಿನಷ್ಟು ಮೀನು, ಅದಕ್ಕಿಂತ ದೊಡ್ಡ ಬಾಲ. ಚೆನ್ನಾಗಿ ಬೈದೆ. ಆದರೆ ಅವತ್ತು ಸಂಜೆ ಸಾರಾಯಿ ಅಂಗಡಿಗೆ ಹೋಗದೆ ಅದರ ಮುಂದೆ ಕೂತಿದ್ದ. ಮಾರನೇ ದಿನವೂ ಕೂತಿದ್ದ. ನಾನು ಬಾಯಿ ಮುಚ್ಚಿಕೊಂಡೆ.

ಆಮೇಲೆ ಒಂದೊಂದೇ ಬಂದವು. ಈ ಮೀನಿಗೆ ಇನ್ನೊಂದು ಗಂಡು ಮೀನನ್ನ ಕಂಡರೆ ಆಗುವುದಿಲ್ಲ, ಗಾಜಿಗೆ ಗುದ್ದಿಕೊಂಡು ಸಾಯುತ್ತೆ. ಅದಕ್ಕೇ ಒಂದು ಬಾಟ್ಲಿಗೆ ಒಂದೇ ಮೀನು, ಬಾಟ್ಲಿ ಬಾಟ್ಲಿ ನಡುವೆ ರಟ್ಟು. ಸಾಬರು ಮೊದಲೇ ಹೇಳಿದ್ದರಂತೆ, "ಇದು ಮದ್ರಾಸ್ ಕಡೆ ಮೀನು ಭಾಯಿ, ಸೆಖೆ ಮೀನು. ನಿಮ್ಮ ಹಲಸೂರು ಚಳಿ ಇದಕ್ಕೆ ಆಗಲ್ಲ" ಅಂತ. ಅದು ನಿಜ. ಧನುರ್ಮಾಸದ ಚಳಿ ಶುರುವಾದರೆ ಮೀನು ಬಾಟ್ಲಿ ತಳಕ್ಕೆ ಇಳಿದು ಮಲಗುತ್ತಿತ್ತು. ಬಾಲ ಮುದುರಿಕೊಳ್ಳುತ್ತಿತ್ತು, ಬಣ್ಣ ಒಗೆದ ಬಟ್ಟೆ ಹಾಗೆ ಬಿಳಿಚಿಕೊಳ್ಳುತ್ತಿತ್ತು.

ನಮ್ಮ ಮನೆ ಹಲಸೂರು ಕೆರೆ ಹಿಂದಿನ ಸಂದಿಯಲ್ಲಿ. ಎರಡೇ ಕೋಣೆ. ಮುಂದಿನದಕ್ಕೆ ಶೀಟು, ಒಳಗಿನದಕ್ಕೆ ತಾರಸಿ. ಶೀಟಿನ ಸಂದಿಯಿಂದ ಕೆರೆಯ ಥಂಡಿ ನೇರ ಒಳಗೆ ಬರುತ್ತಿತ್ತು. ಗಂಡ ಒಂದು ಹಣ್ಣಿನ ಮರದ ಪೆಟ್ಟಿಗೆ ತಂದು, ಒಳಗೆ ಬಲ್ಬು ಕಟ್ಟಿ, ಬಾಟ್ಲಿಗಳನ್ನ ಅದರಲ್ಲಿ ಇಟ್ಟು ಮೇಲೆ ಕಂಬಳಿ ಹೊದಿಸುತ್ತಿದ್ದ. ನಾನು ಹಗಲೆಲ್ಲಾ ರಸ್ತೆ ಬದಿ ಮರದ ಕೆಳಗೆ ನಿಂತು ಮಂದಿ ಬಟ್ಟೆ ಇಸ್ತ್ರಿ ಮಾಡಿ ಮನೆಗೆ ಬಂದರೆ, ನನ್ನ ಕಂಬಳಿ ಮೀನಿನ ಮೇಲೆ.

"ಹೆಂಡ್ತಿಗೆ ಚಳಿ ಆಗಲ್ವೇನಯ್ಯಾ?"

"ನೀನು ಇಸ್ತ್ರಿ ಪೆಟ್ಟಿಗೆ ಪಕ್ಕ ನಿಂತು ಬೆಂದಿದ್ದೀಯ. ನಿನಗೇನು ಚಳಿ."

ಕರೆಂಟು ಇರುವ ತನಕ ಆ ಪೆಟ್ಟಿಗೆ ಸರಿ. ಆಗ ಕರೆಂಟು ಯಾವಾಗ ಹೋಗುತ್ತೆ ಅಂತ ಹೇಳೋಕಾಗುತ್ತಿರಲಿಲ್ಲ.

ಅಂಥ ಒಂದು ಚಳಿಗಾಲದಲ್ಲಿ ಮಗಳು ಚೊಚ್ಚಲ ಬಾಣಂತನಕ್ಕೆ ಬಂದಳು. ಗಂಡು ಮಗು ಆಯಿತು. ಒಳಗಿನ ಕೋಣೆ ಅವಳಿಗೆ ಬಿಟ್ಟೆವು. ಬಾಣಂತನ ಮಾಡೋದು ನಮ್ಮತ್ತೆ. ಬೆನ್ನು ಬಗ್ಗಿ ಹೋಗಿದ್ದರೂ ನನ್ನ ಗಂಡನಿಗೂ ನನಗೂ ಅವಳ ಮಾತು ಅಂದರೆ ಮಾತೇ. ಬಾಣಂತಿಗೆ ಗಾಳಿ ತಾಕಬಾರದು ಅಂತ ಇದ್ದ ಒಂದೇ ಕಿಟಕಿಗೆ ಹಳೇ ಸೀರೆ ತುರುಕಿದಳು. ಬಾಗಿಲ ಕೆಳಗಿನ ಸಂದಿಗೆ ಗೋಣಿಚೀಲ ಒತ್ತಿದಳು. ಮಂಚದ ಕೆಳಗೆ ಬಾಂಡ್ಲಿ ಇಟ್ಟು ಅದಕ್ಕೆ ಕೆಂಡ. ಕೆಂಡಕ್ಕೆ ನಮ್ಮ ಮನೆಯಲ್ಲಿ ಬರವೇ? ನನ್ನ ಇಸ್ತ್ರಿ ಪೆಟ್ಟಿಗೆಯಲ್ಲಿ ಮಿಕ್ಕ ಕೆಂಡವನ್ನ ಡಬ್ಬಿಯಲ್ಲಿ ಹಾಕಿಕೊಂಡು ದಿನಾ ತಂದು ಕೊಡುತ್ತಿದ್ದೆ. ನನ್ನ ತಾಯಿಯೂ ನನಗೆ ಹಾಗೇ ಮಾಡಿದ್ದಳು. ಆದರೆ ಅದು ಸೋಗೆ ಗುಡಿಸಲು, ಎಲ್ಲಾ ಕಡೆ ತೂತು. ಇದು ತಾರಸಿ ಕೋಣೆ. ಆ ವ್ಯತ್ಯಾಸ ಯಾರ ತಲೆಗೂ ಹೋಗಲಿಲ್ಲ.

ಅದೇ ವಾರ ಬಲ್ಬಿನ ಪೆಟ್ಟಿಗೆಯ ವೈರು ಸುಟ್ಟಿತು. ಗಂಡ ಅವ್ವನ ಹತ್ತಿರ ತಲೆ ಕೆರೆದುಕೊಂಡು ನಿಂತ.

"ಅವ್ವಾ, ಒಳಗೆ ಬೆಚ್ಚಗಿದೆಯಲ್ಲ. ಒಂದೆರಡು ಬಾಟ್ಲಿ ಇಟ್ಕೊಳ್ಳಲಾ?"

"ಏನ್ಲಾ, ನಿನ್ನ ಮೀನೂ ಹೆತ್ತೈತಾ? ಅದಕ್ಕೂ ಮೆಣಸಿನ ಸಾರು ಮಾಡಿ ಹಾಕ್ಲಾ?"

ಮಗಳು ನಕ್ಕಳು. "ಇರಲಿ ಬಿಡಜ್ಜಿ, ನನಗೂ ನೋಡೋಕೆ ಏನಾದ್ರೂ ಬೇಕಲ್ಲ" ಅಂದಳು. ಗೋಡೆಯ ಗೂಡಿನಲ್ಲಿ ಹಿಡಿದಷ್ಟು ಬಾಟ್ಲಿ ಒಳಗೆ ಹೋದವು. ಉಳಿದವು ಮುಂದಿನ ಕೋಣೆಯಲ್ಲಿ ಶೀಟಿನ ಕೆಳಗೆ, ಗೋಣಿ ಸುತ್ತಿಕೊಂಡು ಉಳಿದವು.

ಮೊದಲು ಎಲ್ಲಾ ಚೆನ್ನಾಗಿತ್ತು. ಒಳಗಿನ ಮೀನಿಗೆ ಬಣ್ಣ ಬಂತು. ಒಂದು ಮೀನು ನೀರಿನ ಮೇಲೆ ನೊರೆಯ ಗೂಡು ಕಟ್ಟಿತು. ಹಿತ ಆದರೆ ಮಾತ್ರ ಹಾಗೆ ಕಟ್ಟೋದು ಅಂತ ಗಂಡ ಬೀಗಿದ.

ಆಮೇಲೆ ಮಗಳಿಗೆ ತಲೆನೋವು ಶುರುವಾಯಿತು. ಉಂಡಿದ್ದು ವಾಂತಿ. ಹಗಲೂ ನಿದ್ದೆ, ಕರೆದರೆ ಕಣ್ಣು ಬಿಟ್ಟು ಮತ್ತೆ ಮುಚ್ಚೋಳು. ಮಗು ಮೊಲೆ ಬಾಯಿಗಿಟ್ಟರೆ ಚೀಪದೆ ತೂಕಡಿಸುತ್ತಿತ್ತು. ನಮ್ಮತ್ತೆ ಇದು ದೃಷ್ಟಿ ಅಂದಳು. ಮೆಣಸಿನಕಾಯಿ ಉಪ್ಪು ನಿವಾಳಿಸಿ ಅದೇ ಕೆಂಡಕ್ಕೆ ಹಾಕಿದಳು. ಕೆಂಡ ಇನ್ನಷ್ಟು ಮಾಡಿದಳು.

ಒಂದು ಬೆಳಗ್ಗೆ ನೊರೆಗೂಡಿನ ಮೀನು ಸತ್ತು ತೇಲುತ್ತಿತ್ತು. ಮಾರನೇ ದಿನ ಇನ್ನೊಂದು. ಗಂಡ ಮುಖ ಸಣ್ಣಗೆ ಮಾಡಿಕೊಂಡು ಬಾಟ್ಲಿಗೆ ಬೆರಳದ್ದಿ ನೋಡಿದ. ನೀರು ಬಿಸಿಯಾಯಿತೇನೋ ಅಂದುಕೊಂಡಿದ್ದ. ಉಗುರು ಬೆಚ್ಚಗಿತ್ತು ಅಷ್ಟೇ.

ನಮ್ಮತ್ತೆ ಮಾತ್ರ ಕೈ ಮುಗಿದಳು. "ಒಳ್ಳೇದಾಯ್ತು ಬಿಡ್ಲಾ. ಮಗೀಗೆ ಬಂದಿದ್ದು ಮೀನಿಗೆ ಹೋಯ್ತು. ಮನೆ ಮೇಲಿಂದ ಕಂಟಕ ಇಳೀತು."

ಮೀನು ಸತ್ತರೆ ಹಾಗೆ ಅಂತ ನಮ್ಮ ಕಡೆ ಎಲ್ಲರೂ ನಂಬುತ್ತಾರೆ. ನಾನೂ ನಂಬಿದೆ. ಗೋಡೆಯ ಗೂಡಿನಲ್ಲಿದ್ದ ಕೊನೇ ಮೀನು ಸತ್ತ ದಿನ, "ಹೊರಗಿನವನ್ನೂ ಒಳಗೆ ತಂದಿಡು, ಇನ್ನೂ ಏನಾದ್ರೂ ಮಿಕ್ಕಿದ್ರೆ ಎಳ್ಕೊಳ್ಳಲಿ" ಅಂದಳು ಅತ್ತೆ. ಮೊದಲು ಆಡಿಕೊಂಡವಳೇ ಈಗ ಮೀನು ಕೇಳುತ್ತಿದ್ದಳು. ಗಂಡ ಅವ್ವನಿಗೆ ಮಗನೂ ಅಲ್ಲ, ಮಗಳಿಗೆ ಅಪ್ಪನೂ ಅಲ್ಲ ಅನ್ನೋ ಹಾಗೆ ನಿಂತಿದ್ದ. ಮೀನು ಕೊಟ್ಟರೆ ಮೀನು ಹೋಗುತ್ತೆ, ಕೊಡದಿದ್ದರೆ ಮಗಳಿಗೆ ಏನಾಗುತ್ತೋ. ನಾಳೆ ಇಡ್ತೀನಿ ಅಂದ.

ಆ ನಾಳೆ ಬೆಳಗ್ಗೆಯಿಂದ ಜಿಟಿಜಿಟಿ ಮಳೆ. ಮಳೆಯಲ್ಲಿ ಇಸ್ತ್ರಿ ಆಗುವುದಿಲ್ಲ, ಪೆಟ್ಟಿಗೆ ತುಂಬಾ ಹೊತ್ತಿಸಿದ್ದ ಇದ್ದಿಲು ಹಾಗೇ ಇತ್ತು. ಎಲ್ಲಾ ಮನೆಗೆ ತಂದೆ. ಅತ್ತೆ ಅಷ್ಟನ್ನೂ ಬಾಂಡ್ಲಿಗೆ ಸುರಿದಳು. ಮಗಳಿಗೂ ಮಗುವಿಗೂ ಸುಡುನೀರು ಹುಯ್ದು, ಸಾಂಬ್ರಾಣಿ ಹಾಕಿ, ಬೆವರಲಿ ಅಂತ ಮಲಗಿಸಿ ಬಾಗಿಲು ಎಳೆದು ಗೋಣಿ ಒತ್ತಿದಳು. ತಾನು ಬಚ್ಚಲಿಗೆ ಹೋದಳು.

ಗಂಡ ಮಳೆಗೆ ಆಟೊ ತೆಗೆದಿರಲಿಲ್ಲ. ಹೊರಗಿನ ಬಾಟ್ಲಿಗಳ ಗೋಣಿ ಬಿಚ್ಚಿ ನೋಡುತ್ತಾ ಕೂತಿದ್ದ. ನಾನು ಮಳೆಗೆ ಒದ್ದೆಯಾದ ಬಟ್ಟೆ ಹರವುತ್ತಿದ್ದೆ.

"ಇವು ನೋಡೇ" ಅಂದ. "ಥಂಡಿಗೆ ಕಲ್ಲಾಗಿವೆ. ಆದ್ರೂ ಒಂದೂ ಸತ್ತಿಲ್ಲ. ಬೆಚ್ಚಗಿದ್ದವೇ ಸತ್ತವು."

"ನೀರು ಬೇರೆ ಹಾಕಿದ್ಯಾ?"

"ಅದೇ ನೀರು. ತಿನ್ನೋಕೆ ಹಾಕಿದ್ದೂ ಅದೇ ಹುಳ."

"ಮತ್ತೇನು ಬೇರೆ?"

ಅಷ್ಟರಲ್ಲಿ ತಳದಲ್ಲಿ ಬಿದ್ದಿದ್ದ ಒಂದು ಮೀನು ನಿಧಾನಕ್ಕೆ ಮೇಲೆ ಬಂತು. ನೀರಿನಿಂದ ಬಾಯಿ ಆಚೆ ಹಾಕಿ, ಗುಟುಕು ತಗೊಂಡು, ಮತ್ತೆ ಇಳಿಯಿತು.

"ಏನು ತಿಂತು ಅದು? ಏನೂ ಹಾಕಿಲ್ವಲ್ಲ."

"ತಿಂದಿದ್ದಲ್ಲ. ಇದು ಬೇರೆ ಮೀನಿನ ಹಾಗಲ್ಲ, ಮೇಲೆ ಬಂದು ಗಾಳಿ ಕುಡಿಯುತ್ತೆ."

ನಾನು ಕೈಲಿದ್ದ ಬಟ್ಟೆ ಕೆಳಗೆ ಹಾಕಿದೆ. ನೀರು ಒಂದೇ, ಹುಳ ಒಂದೇ. ಒಳಗಿನವು ಕುಡಿದಿದ್ದು ಒಳಗಿನ ಗಾಳಿ.

ಗೋಣಿ ಒದ್ದು ಬಾಗಿಲು ನೂಕಿದೆ. ಹೊಗೆ ಇಲ್ಲ, ವಾಸನೆ ಇಲ್ಲ, ಬರೀ ಸಾಂಬ್ರಾಣಿ ಘಮ. ಮಗಳ ಮುಖ ಕೆಂಪಗೆ, ಕುಂಕುಮ ಬಳಿದ ಹಾಗೆ. ಕರೆದೆ. ಕೆನ್ನೆಗೆ ಹೊಡೆದೆ. ಏಳಲಿಲ್ಲ. ಪಕ್ಕದಲ್ಲಿ ಮಗು ಹಿಂಡಿದ ಬಟ್ಟೆ ಹಾಗೆ ಬಿದ್ದಿತ್ತು. ಮಗು ಎತ್ತಿ ಗಂಡನ ಕೈಗೆ ಕೊಟ್ಟೆ. ಮಗಳ ಕಂಕುಳಿಗೆ ಕೈ ಹಾಕಿ ನೆಲದ ಮೇಲೆ ಎಳೆದುಕೊಂಡು ಬಂದು ಬೀದಿಯಲ್ಲಿ, ಮಳೆಯಲ್ಲಿ ಮಲಗಿಸಿದೆ.

ಅತ್ತೆ ಬಚ್ಚಲಿಂದ ಓಡಿಬಂದಳು. "ಹಸೀ ಬಾಣಂತೀನ ಮಳೇಗೆ ಹಾಕಿದ್ಯಲ್ಲೇ ಪಾಪಿ! ಕೊಲ್ತೀಯಾ ಅವಳನ್ನ? ಒಳಗೆ ತಗೊಳ್ಳೇ!" ಅಂತ ನನ್ನ ಜುಟ್ಟು ಹಿಡಿದು ಎಳೆದಳು. ನಾನು ಮೊಣಕೈಯಲ್ಲಿ ನೂಕಿದೆ. ಅವಳು ಹೊಸಿಲ ಮೇಲೆ ಕುಸಿದು ಕೂತಳು. ಅಕ್ಕಪಕ್ಕದವರೆಲ್ಲಾ ನಿಂತು ನೋಡಿದರು. ಯಾರೂ ಹತ್ತಿರ ಬರಲಿಲ್ಲ, ದೆವ್ವ ಹಿಡಿದಿದೆ ಅಂದುಕೊಂಡರು.

ಮಗಳು ವಾಂತಿ ಮಾಡಿಕೊಂಡು ಕಣ್ಣು ಬಿಟ್ಟಳು. ಮಗು ಅಳಲಿಲ್ಲ. ಆಟೊದಲ್ಲಿ ಎಲ್ಲರೂ ದೊಡ್ಡಾಸ್ಪತ್ರೆಗೆ ಹೋದೆವು. ದಾರಿಯಲ್ಲೂ ಅಳಲಿಲ್ಲ, ನನ್ನ ತೊಡೆ ಮೇಲೆ ಆಗೊಮ್ಮೆ ಈಗೊಮ್ಮೆ ಬಾಯಿ ತೆರೆಯುತ್ತಿತ್ತು, ಆ ಮೀನಿನ ಹಾಗೆ. ಆಸ್ಪತ್ರೆಯಲ್ಲಿ ಮೂಗಿಗೆ ಗಾಳಿ ಕೊಟ್ಟ ಮೇಲೆ ಅತ್ತಿತು. ಡಾಕ್ಟರಮ್ಮ ನನ್ನ ಕೈಯ ಮಸಿ ನೋಡಿ, "ಇದ್ದಿಲು ಇಟ್ಟಿದ್ರಾ?" ಅಂದರು. ಹೂಂ ಅಂದೆ. ಅವರು ಬೈಯಲಿಲ್ಲ. ಮುಚ್ಚಿದ ಕೋಣೆಯಲ್ಲಿ ಕೆಂಡದ ಗಾಳಿ ವಿಷ, ಇಂಥದ್ದು ಪ್ರತಿ ಚಳಿಗಾಲ ಬರುತ್ತೆ, ಕೆಲವು ಬದುಕಲ್ಲ ಅಂದರು.

ಇಬ್ಬರೂ ಉಳಿದರು. ಹುಡುಗ ತಡವಾಗಿ ನಡೆದ, ಇನ್ನೂ ತಡವಾಗಿ ಮಾತಾಡಿದ. ಈಗಲೂ ಒಂದು ಮಾತು ಕೇಳಿದರೆ ಸ್ವಲ್ಪ ಹೊತ್ತು ಮುಖ ನೋಡಿ ಆಮೇಲೆ ಉತ್ತರ ಕೊಡುತ್ತಾನೆ. ಅದು ಆ ಕೆಂಡದಿಂದಲೋ, ಹುಟ್ಟಾ ಹಾಗೆಯೋ, ನನಗೆ ಗೊತ್ತಿಲ್ಲ. ಡಾಕ್ಟರಮ್ಮನಿಗೂ ಗೊತ್ತಿಲ್ಲ. ನಮ್ಮತ್ತೆ ಸಾಯುವ ತನಕ, ಮೀನು ಬಲಿಯಾಗಿ ಮಗು ಉಳಿಸಿದವು ಅಂತಲೇ ಹೇಳಿದಳು. ಕೆಂಡದ ಮಾತು ಕಿವಿಗೇ ಹಾಕಿಕೊಳ್ಳಲಿಲ್ಲ.

ಎರಡನೇ ಬಾಣಂತನ ನಮ್ಮ ಮನೆಯಲ್ಲಿ ಬೇಡ ಅಂದರು ಬೀಗರು. ಬಾಣಂತೀನ ಬೀದಿಗೆ ಹಾಕಿದವಳು ಅಂತ ನನ್ನ ಹೆಸರು ಬೀಗರ ಮನೆಯಿದ್ದ ಕೆ.ಆರ್. ಪುರದ ತನಕ ಹೋಗಿತ್ತು. ಆಗಲೂ ಚಳಿಗಾಲವೇ. ನೋಡೋಕೆ ಹೋದೆ. ಹೊಸ ಮನೆ, ಸಿಮೆಂಟು ಗೋಡೆ, ಗಾಜಿನ ಕಿಟಕಿ, ಒಂದು ಸಂದಿಯೂ ಇಲ್ಲ. ಮಂಚದ ಕೆಳಗೆ ಬಾಂಡ್ಲಿ. ಅದರಲ್ಲಿ ಕೆಂಡ.

ಹೆಣ್ಣು ಕೊಟ್ಟವಳ ಮಾತು ಅಲ್ಲಿ ನಡೆಯುವುದಿಲ್ಲ ಅಂತ ಗೊತ್ತಿತ್ತು. ಹೇಳಿ ನೋಡಿದೆ. "ನಾವೇನು ಬಾಣಂತನ ಕಾಣದವರಾ?" ಅಂದಳು ಬೀಗಿತ್ತಿ. ಆಗ ಚೀಲದಿಂದ ಬಾಟ್ಲಿ ತೆಗೆದೆ. ಗಂಡನ ಹತ್ತಿರ ಕೇಳಿ ತಂದ ಕೆಂಪು ಫೈಟರ್.

"ಇದೇನ್ರೀ ಬೀಗಿತ್ತೀ, ಮಗೂಗೆ ಕುಲಾವಿ ತರೋದು ಬಿಟ್ಟು ಮೀನು ತಂದಿದ್ದೀರಾ? ಹುರಿಯೋಕೂ ಸಾಲಲ್ಲ."

"ಮಗೂಗೆ ದೃಷ್ಟಿಯಾದ್ರೆ ಇದು ಎಳ್ಕೊಳ್ಳುತ್ತೆ ಕಣ್ರೀ" ಅಂದೆ.

ಅವಳ ನಗು ನಿಂತಿತು. "ಹೌದಾ? ಇಡ್ರೀ ಹಾಗಾದ್ರೆ."

"ಸುಮ್ಮನೆ ಇಡೋ ಹಾಗಿಲ್ಲ. ಎಳ್ಕೊಂಡಿದ್ದು ಆಚೆ ಹೋಗೋಕೆ ದಾರಿ ಬೇಕು. ಕಿಟಕಿ ತೆಗೆದಿರಬೇಕು. ಮುಚ್ಚಿದ್ರೆ ಒಳಗೇ ತಿರುಗಿ ಮಗೂಗೇ ಬಡಿಯುತ್ತೆ. ನಮ್ಮ ಕಡೆ ಪದ್ಧತಿ."

ಅಂಥ ಪದ್ಧತಿ ಯಾವ ಕಡೆಯೂ ಇಲ್ಲ. ನಿಂತ ನಿಲುವಿನಲ್ಲಿ ಮಾಡಿದ್ದು. ಬೀಗಿತ್ತಿ ಒಂದು ಕ್ಷಣ ನನ್ನ ನೋಡಿದಳು, ಮಗುವನ್ನ ನೋಡಿದಳು, ಹೋಗಿ ಕಿಟಕಿಯ ಒಂದು ಬಾಗಿಲು ತೆಗೆದಳು.

ತಣ್ಣನೆ ಗಾಳಿ ಬಂತು. ಬಾಟ್ಲಿ ಕಿಟಕಿ ಪಕ್ಕವೇ ಇತ್ತು. ಸಂಜೆ ಹೊತ್ತಿಗೆ ಮೀನು ತಳಕ್ಕೆ ಇಳಿದು ಬಾಲ ಮುದುರಿಕೊಂಡಿತು. ಕೆಂಪು ಬಣ್ಣ ಇಳಿದು ಬಿಳಿಚಿಕೊಂಡಿತು.

"ಅಮ್ಮ, ಅದಕ್ಕೆ ಚಳಿ" ಅಂದಳು ಮಗಳು.

"ಆಗಲಿ. ಮೇಲೆ ಬಂದು ಗಾಳಿ ಕುಡಿಯುತ್ತಾ ನೋಡ್ತಿರು. ಬರದಿದ್ರೆ ಮಗು ಎತ್ಕೊಂಡು ಆಚೆ ನಡಿ. ಯಾರನ್ನೂ ಕೇಳಬೇಡ."

ಅವಳು ತಲೆಯಾಡಿಸಿದಳು. ಮೀನು ಒಂದು ಸಲ ಮೇಲೆ ಬಂತು, ಗುಟುಕು ತಗೊಂಡು ಇಳಿಯಿತು. ನಾನು ಹಲಸೂರಿಗೆ ಬಸ್ಸು ಹಿಡಿಯಬೇಕಿತ್ತು. ಚಪ್ಪಲಿ ಹಾಕಿಕೊಂಡು ತಿರುಗಿ ನೋಡಿದರೆ, ಬೀಗಿತ್ತಿ ಕೋಣೆಯ ಬಾಗಿಲಲ್ಲಿ ನಿಂತು ಸೆರಗು ಹೊದ್ದುಕೊಂಡು ಆ ತೆರೆದ ಕಿಟಕಿಯನ್ನೇ ನೋಡುತ್ತಿದ್ದಳು.